ಕಿವಿ ಮಕ್ಕಳಿಗೆ ತ್ರಿಕೋನ

ಮಕ್ಕಳ ಮಿದುಳು ಹೇಗೆ ಕೆಲಸ ಮಾಡುತ್ತದೆ ಎಂದು ದೊಡ್ಡ ದೊಡ್ಡವರು ಜೀವಮಾನವಿಡೀ ಹುಡುಕುತ್ತಾರಂತೆ. ನನಗೆ ಅದು ಕಲ್ಯಾಣದುರ್ಗದಲ್ಲಿ ಮೂರೇ ದಿನದಲ್ಲಿ ತಿಳಿದುಬಿಟ್ಟಿತು, ಅದೂ ಮಧ್ಯಾಹ್ನದ ಊಟ ಸಮೇತ!

ನಾನು ಗಣಿತದ ಮೇಷ್ಟ್ರು. ಪರಿಗಿ ಕಡೆಯ ಒಂದು ಹಳ್ಳಿಯಲ್ಲಿ, ಆಂಧ್ರದೊಳಗಿದ್ದೂ ಕನ್ನಡದಲ್ಲಿ ಪಾಠ ಹೇಳುವ ಶಾಲೆ ನಮ್ಮದು. ನನ್ನ ಹೆಂಡತಿ ಗಿರಿಜಾ ಅಲ್ಲೇ ವಿಜ್ಞಾನದ ಟೀಚರು. ಹಿಂದೂಪುರದಿಂದ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗಿಬರುತ್ತೇವೆ. ಹೋಗುವಾಗ ಅವಳು ಮಾತಾಡುತ್ತಾಳೆ. ಬರುವಾಗ ನಾನು ಕೇಳುತ್ತೇನೆ.

ಆ ವರ್ಷ ನಮ್ಮ ಏಳನೇ ತರಗತಿಗೆ ಗಂಡಾಂತರ ಬಂದಿತ್ತು. ಹಿಂದೂಪುರದ ಇಂಗ್ಲಿಷ್ ಶಾಲೆಯೊಂದರ ಬಸ್ಸು ಊರೊಳಕ್ಕೇ ಬರತೊಡಗಿತ್ತು. ಹುಣಸೆಹಣ್ಣಿನ ವ್ಯಾಪಾರಿ ನರಸಿಂಹಪ್ಪ ತಮ್ಮ ಮಗಳು ಅನುಷಾಳನ್ನು ಅದಕ್ಕೆ ಹತ್ತಿಸುವ ಯೋಚನೆಯಲ್ಲಿದ್ದರು. ಅವರು ಹತ್ತಿಸಿದರೆ ಊರಿನ ಉಳಿದವರೂ ಹತ್ತಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಕನ್ನಡ ತರಗತಿ ಮುಚ್ಚುತ್ತದೆ. ಆಮೇಲೆ ವರ್ಗವಾಗಿ ಗಿರಿಜಾ ಒಂದು ಊರು, ನಾನೊಂದು ಊರು.

ಹೆಡ್‌ಮಾಸ್ಟರು ಹನುಮಂತರೆಡ್ಡಿ ನನ್ನನ್ನು ಕರೆದು ಹೇಳಿದರು: "ಪೋಷಕರ ಮೀಟಿಂಗ್‌ನಾಗೆ ನರಸಿಂಹಪ್ಪನೇ ಮಕ್ಕಳ್ನ ಪ್ರಶ್ನೆ ಕೇಳ್ತಾನಂತೆ. ಮಕ್ಕಳು ಉತ್ತರ ಹೇಳಿದ್ರೆ ಕ್ಲಾಸು ಉಳೀತದೆ. ಜಾಗ್ರತ್ತ ಸಾರ್."

"ನೀವು ನಿಶ್ಚಿಂತೆಯಿಂದಿರಿ ಸಾರ್" ಎಂದೆ. ಯಾಕೆಂದರೆ ನಾನು ಆಗತಾನೆ ಕಲ್ಯಾಣದುರ್ಗದ ತರಬೇತಿ ಮುಗಿಸಿ ಬಂದಿದ್ದೆ. ಅಲ್ಲಿ ಕೋಟು ಹಾಕಿಕೊಂಡ ತರಬೇತುದಾರರೊಬ್ಬರು ಒಂದು ಮಹಾಸತ್ಯವನ್ನು ಬೋಧಿಸಿದ್ದರು. ಮಕ್ಕಳಲ್ಲಿ ಮೂರು ಜಾತಿ. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು, ಕೈಯಿಂದ ಕಲಿಯುವವರು. ಒಬ್ಬರಿಗೆ ಹೇಳುವ ಪಾಠ ಇನ್ನೊಬ್ಬರ ತಲೆಗೆ ಹತ್ತುವುದಿಲ್ಲ. "ಅರ್ಥಮೈಂದಾ ಸಾರ್?" ಎಂದು ಅವರು ಕೇಳಿದಾಗಲೆಲ್ಲ ನಾನು ಮುಂದಿನ ಸಾಲಿನಲ್ಲಿ ಕುಳಿತು ತಲೆಯಾಡಿಸಿದ್ದೆ. ಯಾವ ಮಗು ಯಾವ ಜಾತಿ ಎಂದು ಕಂಡುಹಿಡಿಯಲು ಒಂದು ಆ್ಯಪನ್ನೂ ಕೊಟ್ಟಿದ್ದರು.

ಮಾರನೆಯ ದಿನವೇ ಆ್ಯಪ್ ತೆರೆದೆ. ಮೊದಲನೇ ಪ್ರಶ್ನೆ: ಸಮುದ್ರಕ್ಕೆ ಹೋದಾಗ ನಿನಗೆ ಯಾವುದು ಇಷ್ಟ? ಅಲೆ ನೋಡುವುದೋ, ಅಲೆಯ ಸದ್ದು ಕೇಳುವುದೋ, ಮರಳಿನಲ್ಲಿ ಆಡುವುದೋ?

"ಸಾರ್, ನಾವು ಸಮುದ್ರನೇ ನೋಡಿಲ್ಲ" ಎಂದಳು ಅನುಷಾ.

"ನೋಡಿದ್ದೀಯ ಅಂದ್ಕೋ."

"ಕೆರೆ ಅಂದ್ಕೊಳ್ಲಾ ಸಾರ್?"

"ಅಂದ್ಕೋ."

"ಕೆರೆತಾವ ಹೋದ್ರೆ ಅಮ್ಮ ಬೈತಾಳೆ ಸಾರ್."

ಅಮ್ಮ ಬೈಯುವುದು ಕೇಳಿಸುವ ವಿಷಯ. ಆದ್ದರಿಂದ ಅವಳನ್ನು ಕಿವಿ ಗುಂಪಿಗೆ ಸೇರಿಸಿದೆ. ವಿಜ್ಞಾನ ಎಂದ ಮೇಲೆ ಎಲ್ಲೋ ಒಂದು ಕಡೆ ಧೈರ್ಯವಾಗಿ ತೀರ್ಮಾನ ತೆಗೆದುಕೊಳ್ಳಲೇಬೇಕು.

ಗುಂಪು ಗುರುತಿಸಲು ಹಿಂದೂಪುರದ ಫ್ಯಾನ್ಸಿ ಸ್ಟೋರಿನಿಂದ ರಿಬ್ಬನ್ ತಂದೆ. ಕಣ್ಣಿಗೆ ನೀಲಿ, ಕಿವಿಗೆ ಹಳದಿ, ಕೈಗೆ ಬಿಳಿ. ಎಲ್ಲರ ತೋಳಿಗೂ ಕಟ್ಟಿ ಮನೆಗೆ ಕಳಿಸಿದೆ. ಮಕ್ಕಳಿಗೂ ಖುಷಿ, ನನಗೂ ಖುಷಿ.

ಮಾರನೆಯ ಬೆಳಿಗ್ಗೆ ನಾನು ಸ್ಕೂಟರ್ ನಿಲ್ಲಿಸುವ ಹೊತ್ತಿಗೆ ಗೇಟಿನ ಮುಂದೆ ಅಪ್ಪಂದಿರು ನಿಂತಿದ್ದರು. ನರಸಿಂಹಪ್ಪ ಮುಂದೆ ಬಂದರು.

"ಏಮಿ ಸಾರ್ ಇದಿ? ನನ್ನ ಮಗಳಿಗೆ ಹಳದಿ ಯಾಕೆ ಕಟ್ಟಿದ್ರಿ? ನಮ್ಮನೇರು ಯಾವತ್ತೂ ಆ ಕಡೇರಲ್ಲ."

"ಅದು ಪಾರ್ಟಿ ಅಲ್ಲ ನರಸಿಂಹಪ್ಪ, ಅದು ಕಿವಿ."

"ನಮ್ ಕಿವಿಗೆ ಹೂ ಇಡಬ್ಯಾಡಿ ಸಾರ್. ಎಲೆಕ್ಷನ್ ಇನ್ನೂ ದೂರ ಐತೆ, ಈಗ್ಲೇ ಮಕ್ಕಳ್ನ ಹಂಚಿಕೊಂಬುಟ್ರೆ ಹೆಂಗೆ?"

ಅವರ ಹಿಂದೆ ನಿಂತಿದ್ದವರಿಗೆ ನೀಲಿಯ ಮೇಲೆ ಅಷ್ಟೇ ಸಿಟ್ಟಿತ್ತು. ಈ ನಾಡಿನಲ್ಲಿ ಹುಟ್ಟಿ ಬೆಳೆದ ನನಗೆ ಯಾವ ಬಣ್ಣ ಯಾವ ಪಕ್ಷದ್ದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಶಿಕ್ಷಣಶಾಸ್ತ್ರ ತಲೆಗೇರಿದಾಗ ಊರು ಮರೆತುಹೋಗುತ್ತದೆ. ತಕ್ಷಣ ಎಲ್ಲ ರಿಬ್ಬನ್ ಬಿಚ್ಚಿಸಿ, ಬಣ್ಣವೇ ಬೇಡವೆಂದು ಬಿಳಿ ರಟ್ಟಿನ ಮೇಲೆ ಚಿತ್ರ ಬರೆದು ಕೊಟ್ಟೆ. ಕಣ್ಣು, ಕಿವಿ, ಕೈ.

ಮಧ್ಯಾಹ್ನ ಕೈ ನೋಡಿ ಇನ್ನೊಬ್ಬರು ಬಂದರು.

ಕೊನೆಗೆ ಗುರುತೇ ಇಲ್ಲದೆ ಪಾಠ ಶುರು ಮಾಡಿದೆ. ಪಾಠ, ತ್ರಿಕೋನದ ಮೂರು ಕೋನಗಳು. ಕಣ್ಣಿನ ಮಕ್ಕಳನ್ನು ಹೊಸ ಡಿಜಿಟಲ್ ಬೋರ್ಡಿನ ಮುಂದೆ ಕೂರಿಸಿದೆ. ಕೈ ಮಕ್ಕಳಿಗೆ ಜೇಡಿಮಣ್ಣು ಕೊಟ್ಟೆ. ಕಿವಿ ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿ, ನಾನೇ ಭಾವಪೂರ್ಣವಾಗಿ ರೆಕಾರ್ಡ್ ಮಾಡಿದ್ದ ತ್ರಿಕೋನವನ್ನು ಫೋನಿನಲ್ಲಿ ಹಚ್ಚಿದೆ. "ಒಂದಾನೊಂದು ಕಾಗದದ ಮೇಲೆ ಮೂರು ಗೆರೆಗಳು ಪರಸ್ಪರ ಸಂಧಿಸಿದವು..."

ಬೋರ್ಡು ಹಚ್ಚಿದ ಕೂಡಲೇ ಅಪ್‌ಡೇಟ್ ಕೇಳಿತು. ನಡುವೆ ಒಂದು ದುಂಡಗಿನ ಗೆರೆ ತಿರುಗತೊಡಗಿತು. ತಿರುಗುತ್ತಲೇ ಇತ್ತು. ತ್ರಿಕೋನ ಕಲಿಯಬೇಕಾದ ಮಕ್ಕಳು ಇಡೀ ಪೀರಿಯಡ್ಡು ವೃತ್ತ ನೋಡಿದರು. ಅಪ್‌ಡೇಟ್ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಕೈ ಮಕ್ಕಳು ಅಷ್ಟರಲ್ಲಿ ಜೋಡಿ ಎತ್ತು ಮಾಡಿ, ಅವಕ್ಕೆ ಗಾಡಿ ಕಟ್ಟುತ್ತಿದ್ದರು. ಎತ್ತುಗಳು ಬಹಳ ಚೆನ್ನಾಗಿದ್ದವು, ಸುಳ್ಳು ಹೇಳಬಾರದು.

ಬೇವಿನ ಮರದ ಕೆಳಗಿದ್ದ ಅನುಷಾ ಎದ್ದು ಬಂದು ಕಿಟಕಿಯಲ್ಲಿ ಇಣುಕಿದಳು.

"ಸಾರ್, ತ್ರಿಕೋನ ಹೆಂಗಿರ್ತದೆ ಅಂತ ಒಂದ್ಸಲ ನೋಡ್ಬುಟ್ಟು ಹೋಯ್ತೀನಿ."

"ನೋಡಬಾರದು. ನೀನು ಕಿವಿ" ಎಂದೆ.

ಹೌದು, ಅಂದೆ. ಇಪ್ಪತ್ತು ವರ್ಷ ಗಣಿತ ಪಾಠ ಮಾಡಿದ ಬಾಯಿಂದಲೇ ಅಂದೆ.

ಆ ಸಂಜೆ ಸ್ಕೂಟರಿನಲ್ಲಿ ಗಿರಿಜಾ ಹಿಂದಿನಿಂದ ನನ್ನ ಭುಜ ತಟ್ಟಿದಳು. ಅದು ಒಳ್ಳೆಯ ಲಕ್ಷಣವಲ್ಲ.

"ಏನ್ರೀ, ಇದನ್ನ ಯಾರಾದ್ರೂ ಪರೀಕ್ಷೆ ಮಾಡಿ ನೋಡವ್ರಾ?" ಎಂದು ಕೇಳಿದಳು.

"ಯಾವುದನ್ನ?"

"ಕಣ್ಣಿನೋರಿಗೆ ಕಣ್ಣಿಂದ್ಲೇ, ಕಿವಿಯೋರಿಗೆ ಕಿವಿಯಿಂದ್ಲೇ ಹೇಳ್ಕೊಟ್ರೆ ಜಾಸ್ತಿ ಕಲೀತಾರೆ ಅಂತ. ಸರಿಯಾಗಿ ಪರೀಕ್ಷೆ ಮಾಡ್ದೋರಿಗೆ ಅಂಥಾ ಲಾಭ ಏನೂ ಕಾಣ್ಲಿಲ್ಲ ಅಂತ ನಾನು ಓದಿದೀನಿ. ತ್ರಿಕೋನ ಎಲ್ರೂ ನೋಡಬೇಕು, ಎಲ್ರೂ ಬರೀಬೇಕು ಕಣ್ರೀ."

"ತರಬೇತಿಯಲ್ಲಿ ಅಷ್ಟು ದೊಡ್ಡವರು ಹೇಳಿದ್ದು ಸುಳ್ಳಾ?"

"ಸರಿ, ಮೊದಲನೇ ದಿನ ಏನು ಹೇಳಿದ್ರು? ಹೇಳಿ ನೋಡೋಣ."

ನಾನು ನೆನಪು ಮಾಡಿಕೊಂಡೆ. ಪರಿಗಿ ಕೆರೆ ದಾಟುವವರೆಗೂ ನೆನಪು ಮಾಡಿಕೊಂಡೆ. "ಮೊದಲನೇ ದಿನ ಪುಳಿಯೋಗರೆ ಕೊಟ್ಟಿದ್ರು" ಎಂದೆ.

"ಅದಕ್ಕೇ ನಾನು ದಿನಾ ಪುಸ್ತಕ ಮುಚ್ಚಿಸಿ ಕೇಳೋದು. ನಿನ್ನೆಯದು ಒಂದೆರಡು, ಹೋದ ವಾರದ್ದು ಒಂದೆರಡು. ತಲೆಯಿಂದ ತೆಗೆದು ತೆಗೆದು ಹೇಳಿದ್ರೇನೇ ತಲೆಯಾಗೆ ನಿಲ್ಲೋದು."

"ಅದು ಹಳೇ ಕಾಲದ ಪದ್ಧತಿ ಗಿರಿಜಾ" ಎಂದೆ, ತರಬೇತಿ ಪಡೆದವರ ಮರುಕದಿಂದ.

ಮೀಟಿಂಗಿನ ದಿನ ಬಂತು. ಅಪ್ಪ ಅಮ್ಮಂದಿರು ಗೋಡೆಗೆ ಒರಗಿ ನಿಂತಿದ್ದರು. ನರಸಿಂಹಪ್ಪ ಸೀಮೆಸುಣ್ಣ ತೆಗೆದುಕೊಂಡು ಕಪ್ಪು ಹಲಗೆಯ ಮೇಲೆ ತ್ರಿಕೋನ ಬರೆದರು. ಒಂದು ಮೂಲೆಗೆ ಐವತ್ತು, ಇನ್ನೊಂದಕ್ಕೆ ಅರವತ್ತು ಡಿಗ್ರಿ ಎಂದು ಹಾಕಿ ಮಗಳನ್ನು ಕರೆದರು.

"ಅನುಷಾ, ಈ ಮೂರನೇ ಮೂಲೆ ಎಷ್ಟಮ್ಮ?"

ಅನುಷಾ ಹಲಗೆ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ವಿಧೇಯಳಾಗಿ ಕಣ್ಣು ಮುಚ್ಚಿಕೊಂಡಳು.

"ನಾನು ಕಿವಿ ಅಪ್ಪಾ. ಬರೆದಿದ್ದು ನನಗೆ ಬರಕಿಲ್ಲ. ಕಣ್ಣಿನೋರ್ನ ಕೇಳು."

ಕಣ್ಣಿನ ಗುಂಪಿನ ಹುಡುಗನನ್ನು ಕೇಳಿದರು. "ಕರೆಂಟಿಲ್ಲ ಸಾರ್" ಎಂದ. ಕೈ ಗುಂಪಿನವನು ಸ್ವಲ್ಪ ಯೋಚಿಸಿ, "ಮಣ್ಣು ಕೊಟ್ರೆ ನೋಡ್ಬೋದು" ಎಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನರಸಿಂಹಪ್ಪ ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, "ರೆಡ್ಡಿಸಾರ್, ಟಿ.ಸಿ. ಬರ್ದುಬುಡಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅನುಷಾಳ ಕಣ್ಣು ತುಂಬಿತ್ತು. ತನ್ನ ತಪ್ಪೇನೆಂದೇ ಅವಳಿಗೆ ಗೊತ್ತಾಗಿರಲಿಲ್ಲ. ತಪ್ಪು ಅವಳದಾಗಿರಲೂ ಇಲ್ಲ.

ಗಿರಿಜಾ ಬಾಗಿಲ ಬಳಿಯಿಂದಲೇ, "ನರಸಿಂಹಪ್ನೋರೇ, ಹೋಗೋದು ಹೋಯ್ತೀರ. ಸೈನ್ಸೂ ಒಂದು ಕೇಳ್ಬುಡಿ" ಎಂದಳು.

ಅವರು ಅರೆಮನಸ್ಸಿನಿಂದ, "ಒದ್ದೆ ಬಟ್ಟೆ ಬಿಸಿಲಾಗೆ ಯಾಕೆ ಬೇಗ ಒಣಗ್ತದೆ?" ಎಂದು ಕೇಳಿದರು. ಕಣ್ಣು, ಕಿವಿ, ಕೈ ಎನ್ನದೆ ಇಡೀ ತರಗತಿ ಕೈ ಎತ್ತಿತು. ಮೊದಲು ಹೇಳಿದವಳು ಅನುಷಾ. ಅವರು ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಮೂರು ತಿಂಗಳ ಹಿಂದಿನ ಪಾಠವೂ ಮಕ್ಕಳ ಬಾಯಿಂದ ಹೊಸದಾಗಿ ಬಂತು.

ನರಸಿಂಹಪ್ಪ ಮಗಳ ತಲೆ ಸವರಿ ಹೆಡ್‌ಮಾಸ್ಟರ ಕಡೆ ತಿರುಗಿದರು. "ಮಕ್ಕಳೇನೋ ಸರಿಯಾಗೇ ಅವ್ರೆ ಸಾರ್. ಟಿ.ಸಿ. ಈಗ್ಲೇ ಬ್ಯಾಡ. ಆದ್ರೆ ಲೆಕ್ಕದ ಮೇಷ್ಟ್ರಿಗೆ ಯಾರಾದ್ರೂ ಪಾಠ ಹೇಳ್ಕೊಡಿ. ಅವರು ಕಲ್ತ್ರೆ ಇವಳು ಇಲ್ಲೇ ಓದ್ತಾಳೆ."

ಹೀಗೆ ಒಂದು ಊರಿನ ಕನ್ನಡ ತರಗತಿಯ ಭವಿಷ್ಯ ನನ್ನ ವಿದ್ಯಾಭ್ಯಾಸದ ಮೇಲೆ ನಿಂತಿತು. ಹೆಡ್‌ಮಾಸ್ಟರ ಆದೇಶದಂತೆ ಈಗ ದಿನವೂ ಗಿರಿಜಾಳ ಪೀರಿಯಡ್ಡಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಅವಳು ಪುಸ್ತಕ ಮುಚ್ಚಿಸಿ ಪ್ರಶ್ನೆ ಕೇಳುತ್ತಾಳೆ, ಗಂಡನೆಂದು ರಿಯಾಯಿತಿ ಇಲ್ಲ. ಬರೆದ ಮೇಲೆ ಪಕ್ಕದವರ ಹಾಳೆ ತಿದ್ದಬೇಕು. ನನ್ನ ಪಕ್ಕದಲ್ಲಿ ಕೂರುವವಳು ಅನುಷಾ.

ನಿನ್ನೆ ಅವಳು ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಒಂದೊಂದೇ ತಪ್ಪಿಗೆ ಗೆರೆ ಎಳೆದಳು. ಆಮೇಲೆ ಯಾರಿಗೂ ಕೇಳಿಸದ ಹಾಗೆ ನನ್ನ ಕಡೆ ಬಗ್ಗಿ ಹೇಳಿದಳು:

"ಬೇಜಾರ್ ಮಾಡ್ಕೋಬ್ಯಾಡಿ ಸಾರ್. ನಿಧಾನಕ್ಕೆ ಬತ್ತದೆ. ಅಲ್ಲೀಗಂಟ ನಾನು ಎಲ್ಲೂ ಹೋಗಕಿಲ್ಲ."