ಮಾವ ಕೊಡದ ಪುಸ್ತಕ

ನನ್ನ ಸೋದರಮಾವ ದೇವರನ್ನು ನಂಬುತ್ತಿದ್ದರು. ಆದರೆ ಸಾಕ್ಷಾತ್ ದೇವರೇ ಬಂದು ಕೇಳಿದ್ದರೂ ಓದಲು ಪುಸ್ತಕ ಕೊಡುತ್ತಿರಲಿಲ್ಲ! ಬಂಟ್ವಾಳದಲ್ಲಿ ಮೂವತ್ತು ವರ್ಷ ವಕೀಲರ ಗುಮಾಸ್ತರಾಗಿದ್ದು ನಿವೃತ್ತರಾದವರು. ಎದುರಿಗೆ ಬಂದವರೆಲ್ಲ ಅವರ ಪಾಲಿಗೆ ಎದುರು ಪಕ್ಷದ ಸಾಕ್ಷಿಗಳೇ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಊರೆಲ್ಲ ಖುಷಿಪಟ್ಟರೆ ಮಾವ ಮಾತ್ರ, "ಮದ್ರಾಸಿನವರು ಇಷ್ಟು ಸುಲಭದಲ್ಲಿ ಬಿಟ್ಟುಕೊಟ್ಟದ್ದು ಯಾಕೆ? ಇದರಲ್ಲಿ ಏನೋ ಉಂಟು" ಎಂದು ಹುಬ್ಬು ಗಂಟಿಕ್ಕಿದರು.

ಅವರ ಇಂಗ್ಲಿಷೂ ಕೋರ್ಟಿನದೇ. ಊಟಕ್ಕೆ ಕೂತು ಅತ್ತೆಗೆ, "ಅಬೋವ್ ಮೆನ್ಶನ್ಡ್ ಚಟ್ನಿ ಇನ್ನೂ ಸ್ವಲ್ಪ ಹಾಕು" ಎನ್ನುವರು. ಇಂಗ್ಲಿಷಿನ ಗಂಧವಿಲ್ಲದ ಅತ್ತೆ, "ಅದು ಮುಗಿಯಿತು. ಬೇಕಾದರೆ ಮಂಗಳೂರಿಗೆ ಅಪೀಲು ಹೋಗಿ" ಎನ್ನುವರು!

ಪುಸ್ತಕದ ವಿಷಯದಲ್ಲಿ ಅವರು ಇಷ್ಟು ಸಂಶಯದ ಪ್ರಾಣಿಯಾದದ್ದಕ್ಕೆ ಬೆಳ್ತಂಗಡಿಯ ಸಂತೆ ಕಾರಣ. ಅಲ್ಲಿ ಒಮ್ಮೆ ನೆಲಗಡಲೆ ಕೊಂಡರಂತೆ. ಪೊಟ್ಟಣ ಬಿಚ್ಚಿದರೆ, ಹಿಂದಿನ ವರ್ಷ ಸ್ನೇಹಿತರೊಬ್ಬರಿಗೆ ಓದಲು ಕೊಟ್ಟಿದ್ದ ಪುಸ್ತಕದ ಹಾಳೆ! ಉಳಿದ ಹಾಳೆಗಳನ್ನು ಬಿಡಿಸಿಕೊಳ್ಳುವುದು ಹೇಗೆ? ಒಂದೊಂದೇ ಪೊಟ್ಟಣ ಕೊಂಡು, ಅಲ್ಲೇ ನಿಂತು ತಿಂದು, ಹನ್ನೊಂದು ಹಾಳೆ ಸಂಪಾದಿಸಿದರು. ಆಮೇಲೆ ನಾಲ್ಕು ದಿನ ಹಾಸಿಗೆ ಹಿಡಿದರು.

ನಾನು ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಟೀಚರಾಗಿ ಸೇರಿದ ಹೊಸತು. ನನ್ನ ಕಣ್ಣು ಬಿದ್ದದ್ದು ಮಾವನ ಒಂದು ಹಳೆಯ ಪದಕೋಶದ ಮೇಲೆ. ಯಾರೋ ಬಿಳಿಯ ಅಧಿಕಾರಿ ನಮ್ಮ ದೇಶದ ಕಡೆಯಿಂದ ಇಂಗ್ಲಿಷಿಗೆ ಹೋದ ಶಬ್ದಗಳನ್ನೆಲ್ಲ ಹೆಕ್ಕಿ ಬರೆದದ್ದು. ಮೊದಲ ಪುಟವೇ ಇಲ್ಲದ್ದರಿಂದ ಅವನ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ಬೆಳಗಿನ ಗಂಜಿ ಅದರಲ್ಲಿ 'ಕಾಂಜೀ' ಎಂದು ಕೋಟು ತೊಟ್ಟು ಕೂತಿತ್ತು. ಅದನ್ನು ನನ್ನ ಬಾಡಿಗೆ ರೂಮಿಗೆ ಕೊಂಡುಹೋಗಿ ಮಲಗಿಕೊಂಡು ಓದಬೇಕೆಂಬ ಆಸೆ ನನ್ನನ್ನು ಬಿಡದೆ ಕಾಡಿತು.

ಕೇಳಿದೆ. ಮಾವ ನನ್ನನ್ನು ಆಪಾದಮಸ್ತಕ ಅಳೆಯುವವರಂತೆ ತಲೆಯೆತ್ತಿ, "ಮೊದಲು ನನ್ನೆದುರು ಕೂತು ದೊಡ್ಡಕ್ಕೆ ಓದು. ಯೋಗ್ಯತೆ ಕಂಡರೆ ಮತ್ತೆ ಆಲೋಚನೆ ಮಾಡುವ" ಎಂದರು.

ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು ಓದಿದೆ. ಒಂದೇ ಪುಟವನ್ನು ಎರಡು ಸಲ ಓದಿಸುವರು, ನಾನು ಸಾಲು ಹಾರಿಸಿದೆನೆಂಬ ಸಂಶಯ! ನಡುವೆ ಆ ಬಿಳಿಯನ ಮೇಲೂ ಸಂಶಯ: "ನಮ್ಮ ಗಂಜಿಯನ್ನು ಕೊಂಡುಹೋಗುವಾಗ ಇವ ಯಾರಲ್ಲಿ ಕೇಳಿದ್ದಾನೆ ಮಾರಾಯ್ತಿ?" ಹೀಗೆಂದು ಹೊಟ್ಟೆ ಹಿಡಿದು ನಗುವರು. ನಾನು ಹೊರಡುವಾಗ ಮಾತ್ರ ಏನಾದರೊಂದು ತಕರಾರು. "ತಲೆಗೆ ಎಣ್ಣೆ ಹಾಕಿದ್ದಿ, ಪುಟಕ್ಕೆ ತಾಗ್ತದೆ." "ಬಸ್ಸಿನಲ್ಲಿ ಮೀನಿನ ಬುಟ್ಟಿ ಇರ್ತದೆ." ಆರು ತಿಂಗಳಾಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ಈ ಮನುಷ್ಯನಿಗೆ ಕೊಡುವ ಮನಸ್ಸೇ ಇಲ್ಲ, ನನ್ನನ್ನು ಆಟವಾಡಿಸುತ್ತಿದ್ದಾರೆ ಎಂದು ನಾನೂ ಸಂಶಯಪಡತೊಡಗಿದೆ.

ಆ ಭಾನುವಾರ ಓದು ಮುಗಿಸಿ ಪುಸ್ತಕ ಕೊಡುವಾಗ ಒಂದು ಬಿಡಿ ಹಾಳೆ ಜಾರಿ ಮಾವನ ಕಾಲ ಬಳಿ ಬಿತ್ತು. ಇವತ್ತು ನನ್ನ ಕಥೆ ಮುಗಿಯಿತು! ಮಾವ ಎದ್ದರು. ಹಾಡುಹಗಲು, ಕಿಟಕಿಯ ಬೆಳಕು ನೇರ ಅದರ ಮೇಲೆ. ಅವರು ಹಾಳೆಯನ್ನು ಮೆಟ್ಟಿ ನಿಂತು ಕೇಳಿದರು: "ಪುಟ ಎಲ್ಲ ಸರಿ ಉಂಟಲ್ಲ?"

ನಾನು ಅಡುಗೆಮನೆಯ ಬಾಗಿಲಿನತ್ತ ನೋಡಿದೆ. ಅಲ್ಲಿ ನಿಂತಿದ್ದ ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಮಾವನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರಿಗೆ ಓದು ಬೇಕಿತ್ತು, ಓದಿ ಹೇಳು ಎಂದು ಕೇಳಲು ನಾಚಿಕೆಯಾಗಿತ್ತು.

"ಸರಿ ಉಂಟು ಮಾವ" ಎಂದೆ.

"ಹಾಗಾದರೆ ಕೊಂಡುಹೋಗು" ಎಂದರು ಮಾವ ಮೆಲ್ಲನೆ. "ಆರು ತಿಂಗಳು ನೋಡಿದೆ. ಇನ್ನೂ ಕೊಡದಿದ್ದರೆ ಅನ್ಯಾಯ ಆಗ್ತದೆ." ಹಾಗೆಂದರೂ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದೇ ಇದ್ದರು.

"ಬೇಡ ಮಾವ, ನನ್ನ ರೂಮಿನಲ್ಲಿ ಗೆದ್ದಲು ಉಂಟು. ನಾನು ಇಲ್ಲಿಗೇ ಬಂದು ಓದ್ತೇನೆ."

"ಗೆದ್ದಲಾ! ಹಾಗಾದರೆ ಬೇಡವೇ ಬೇಡ" ಎಂದ ಮಾವನ ಮುಖ ಅರಳಿತು.

ನನ್ನ ರೂಮಿನದು ಹೊಸ ಸಿಮೆಂಟಿನ ನೆಲ; ಅಲ್ಲಿಗೆ ಗೆದ್ದಲು ಎಲ್ಲಿಂದ ಬರಬೇಕು? ಜಗತ್ತನ್ನೆಲ್ಲ ಸಂಶಯಿಸಿದ ಮಾವ ಆ ಒಂದು ಸುಳ್ಳನ್ನು ಮಾತ್ರ ಮರುಮಾತಿಲ್ಲದೆ ನಂಬಿದರು.