ಬಚ್ಚಲ ಗೋಡೆಯ ಗುಳ್ಳೆ

ಮುಚ್ಚುಮರೆ ಯಾಕೆ, ಹೇಳಿಬಿಡುತ್ತೇನೆ: ಅನುಮಾನ ಅನ್ನೋದು ನನಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ತರಕಾರಿಯವನು ತಾನಾಗಿಯೇ ಒಂದು ಹಿಡಿ ಕೊತ್ತಂಬರಿ ಕೊಸರು ಹಾಕಿದರೆ, ಟೊಮೆಟೊ ಎಲ್ಲಾ ತಿರುವಿ ನೋಡುತ್ತೇನೆ. ಧೂಳನ್ನೂ ನಂಬದೆ ಟಿ.ವಿ. ರಿಮೋಟನ್ನು ಇವತ್ತಿಗೂ ಅದು ಬಂದ ಕವರಿನೊಳಗೇ ಇಟ್ಟಿದ್ದೇನೆ. "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಅನ್ನುತ್ತಾಳೆ ನನ್ನ ಹೆಂಡತಿ ಸುಮ. ಹಾಗನ್ನು ಅಂತ ಅವಳಿಗೆ ಯಾರೋ ಹೇಳಿಕೊಟ್ಟಿದ್ದಾರೆ.

ಯಲಹಂಕದ ನಮ್ಮ ಹಳೇ ಮನೆಯ ಬಚ್ಚಲಿನ ಟೈಲ್ಸ್ ಒಂದೊಂದಾಗಿ ಉದುರಲು ಶುರುವಾದಾಗ, "ಟೈಲ್ಸ್ ಬೇಡ ಭಾವ, ಈಗೆಲ್ಲ ಲ್ಯಾಮಿನೇಟ್ ಶೀಟ್ ಹಾಕ್ತಾರೆ. ಸ್ನಾನ ಆದ್ಮೇಲೆ ಗೋಡೆ ಒರೆಸಿದ್ರೆ ಸಾಕು" ಅಂದವನು ಸುಮಳ ತಮ್ಮ ರಘು. ಅಟ್ಟೂರಿನಲ್ಲಿದ್ದಾನೆ. ಮತ್ತಿಕೆರೆಯ ಅಂಗಡಿಗೂ ಅವನೇ ಕರೆದೊಯ್ದ. ಅಲ್ಲೇ ನನಗೆ ವಾಸನೆ ಬಡಿದದ್ದು. ಅಂಗಡಿಯವನು ಟೀ ಮೊದಲು ಕೊಟ್ಟಿದ್ದು ರಘುವಿಗೆ! ದುಡ್ಡು ಕೊಡೋನು ನಾನು, ಟೀ ಅವನಿಗ್ಯಾಕೆ? ತೆಂಗಿನಕಾಯಿ ಬಡಿದು ನೋಡೋ ಹಾಗೆ ಒಂದೊಂದು ಶೀಟನ್ನೂ ಬಡಿದು, ಉಗುರಿನಿಂದ ಕೆರೆದು, ಕೊನೆಗೆ ರಘು ತೋರಿಸಿದ್ದನ್ನು ಬಿಟ್ಟು ಬೂದುಬಣ್ಣದ್ದು ಆರಿಸಿದೆ. ಫಿಟ್ ಮಾಡಲು ಬಂದವರ ಬೆನ್ನಿಗೇ ನಿಂತು, "ಅದು ಮುಟ್ಬೇಡಿ, ಇದು ಕೀಳ್ಬೇಡಿ, ಹೊಸದು ಹೊಸದಾಗೇ ಇರ್ಲಿ" ಅಂತ ಕಾವಲು ಕಾದೆ.

ತಿಂಗಳೊಳಗೆ ಗುಳ್ಳೆ ಎದ್ದಿತು. ಮೊದಲು ಸಾಸಿವೆಯಷ್ಟು, ಆಮೇಲೆ ಇಡ್ಲಿಯಷ್ಟು. ಎಷ್ಟು ಒರೆಸಿದರೂ ಹೊಳಪಿಲ್ಲ. "ನೋಡಿದ್ಯಾ ನಿನ್ನ ತಮ್ಮನ ಕೈವಾಡ? ಕಮಿಷನ್ ಹೊಡೆದು ಕಳಪೆ ಮಾಲು ಕೊಡಿಸಿದ್ದಾನೆ" ಅಂದೆ. ಸುಮಳ ಕಣ್ಣು ತುಂಬಿತು. "ನಾಡಿದ್ದು ಗೌರಿ ಹಬ್ಬ. ಅಪ್ಪ ಅಮ್ಮ ಹೋದ್ಮೇಲೆ ನಂಗೆ ತವರು ಅಂತ ಇರೋದು ಅವನೊಬ್ಬನೇ ಕಣ್ರೀ. ಬಾಗಿನ ತರ್ತಾನೆ. ಅವತ್ತು ಮಾತ್ರ ಬಾಯಿ ಬಿಡ್ಬೇಡಿ." ಆಯ್ತು ಅಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ರಘು ಬಾಗಿನ ಕೊಟ್ಟು, ಊಟಕ್ಕೆ ಕೂತು, ಒಬ್ಬಟ್ಟು ಮುರಿಯುತ್ತಾ, "ಬಚ್ಚಲು ಹೇಗಿದೆ ಭಾವ?" ಅಂದ. ಅವನೇ ಕೇಳಿದ ಮೇಲೆ ತಪ್ಪು ಯಾರದು? ಟೀ, ಕಮಿಷನ್, ಗುಳ್ಳೆ, ಎಲ್ಲ ಕಕ್ಕಿಬಿಟ್ಟೆ. ಅವನು ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಎದ್ದ. "ನಾನು ಬರ್ತೀನಿ ಅಕ್ಕ" ಅಂತ ಚಪ್ಪಲಿ ಮೆಟ್ಟಿದ. ಸುಮ ನೆಟ್ಟಗೆ ಬಚ್ಚಲಿಗೆ ನುಗ್ಗಿ, "ಇದೇನಾ ನನ್ನ ಹಬ್ಬ ಹಾಳು ಮಾಡಿದ ಗುಳ್ಳೆ?" ಅಂತ ಅದಕ್ಕೇ ಕೈ ಹಾಕಿ ಎಳೆದಳು. ಪರ್ರ್! ಅಯ್ಯೋ, ಗೋಡೆಯೇ ಕಿತ್ತು ಬಂತು ಅಂತ ಓಡಿದೆ. ಬಂದದ್ದು ಗೋಡೆಯಲ್ಲ, ಗೀರು ಬೀಳದಿರಲಿ ಅಂತ ಕಂಪನಿಯವರು ಶೀಟಿನ ಮೇಲೆ ಅಂಟಿಸಿದ್ದ ತೆಳು ಕವರು. ನಾನು ಕೀಳ್ಬೇಡಿ ಅಂದದ್ದು ಇದನ್ನೇ! ಅದರ ಹಿಂದೆ ಗೋಡೆ ಫಳಫಳ ಹೊಳೆಯುತ್ತಿತ್ತು.

ಗೇಟು ದಾಟಿದ್ದ ರಘುವನ್ನು ಕೈ ಹಿಡಿದು ವಾಪಸ್ ಕರೆತಂದೆ. ಅವನು ನಕ್ಕ. ಸುಮ ನಗಲಿಲ್ಲ. "ಮಾಡಿದ್ದುಣ್ಣೋ ಮಹಾರಾಯ" ಅಂತ ಒಂದು ಹಳೇ ಬನಿಯನ್ ನನ್ನ ಕೈಗಿಟ್ಟಳು. ಅವತ್ತಿನಿಂದ ಮನೆಯಲ್ಲಿ ಯಾರೇ ಸ್ನಾನ ಮಾಡಲಿ, ಗೋಡೆ ಒರೆಸೋದು ನಾನು. ಈಗ ರಘು ಪ್ರತಿ ಭಾನುವಾರ ಬರುತ್ತಾನೆ. ಬಂದವನೇ, "ಭಾವ, ಒಂದು ಸ್ನಾನ ಮಾಡ್ಬಿಡ್ತೀನಿ" ಅನ್ನುತ್ತಾನೆ. ಬೇಕಂತಲೇ ಸೂರಿನವರೆಗೂ ನೀರು ಎರಚುತ್ತಾನೆ ಅಂತ ನನಗೆ ಬಲವಾದ ಅನುಮಾನ. ಬಾಯಿ ಬಿಟ್ಟಿಲ್ಲ.