ಕಾಕಾನ ದಪ್ಪ ತಂತಿ

ಆಳಂದದಲ್ಲಿ ನಮ್ಮ ಕಾಕಾನಷ್ಟು ಹೆದರುವವರು ಇನ್ನೊಬ್ಬರಿರಲಿಲ್ಲ. ಇಂಥವರು ಮದುವೆಗಳ ಆರ್ಕೆಸ್ಟ್ರಾದಲ್ಲಿ ನಾಲ್ಕು ತಂತಿಯ ಬೇಸ್ ಗಿಟಾರ್ ಬಾರಿಸುತ್ತಿದ್ದರೆಂದರೆ ನಂಬುತ್ತೀರಾ? ಆ ವಾದ್ಯ ಹಿಡಿದದ್ದೂ ಹೆದರಿಕೆಯಿಂದಲೇ. ಹಾಡುವವನು ತಪ್ಪಿದರೆ ಜನ ಕೂಗುತ್ತಾರೆ, ಬೇಸ್ ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಅವರ ಧೈರ್ಯ!

ಗಿಟಾರಿಗೆ ಹಾಯುವ ಕರೆಂಟಿನ ಭಯ ಬೇರೆ. ಜೇವರ್ಗಿಯ ಒಂದು ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ವರನ ಮಣೆಯೇ ಕಾಣೆಯಾಯಿತು. ಬೀಗರೆಲ್ಲ ಹುಡುಕಿ ಸುಸ್ತಾದರು. ನೋಡಿದರೆ ಶಾಕ್ ಹೊಡೆಯಬಾರದೆಂದು ರಬ್ಬರ್ ಚಪ್ಪಲಿ ಹಾಕಿಕೊಂಡು ಕಾಕಾ ಅದರ ಮೇಲೆ ನಿಂತಿದ್ದಾರೆ! ಇಳಿಯಿರಿ ಎಂದರೆ, ವರನನ್ನೇ ಇಲ್ಲಿಗೆ ಕರೆತನ್ನಿ ಎಂದರಂತೆ.

ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ಅದೇ ಊರಿನಲ್ಲಿ ಶಾಲಾ ಶಿಕ್ಷಕಿ. ಒಂದು ಭಾನುವಾರ ಬೆಳಿಗ್ಗೆ ಕಾಕಾ ನನ್ನನ್ನು ಕರೆಸಿದರು. ಸೋಲಾಪುರದಿಂದ ದಪ್ಪ ತಂತಿಗಳನ್ನು ತರಿಸಿದ್ದರು. ಗಿಟಾರಿನ ಶ್ರುತಿಯನ್ನು ಇನ್ನೂ ಕೆಳಕ್ಕಿಳಿಸಿ ದನಿ ದಪ್ಪ ಮಾಡಬೇಕಂತೆ. ಯಾಕೆಂದು ಕೇಳಿದರೆ ತಂತಿಯ ಪೊಟ್ಟಣ ಬಿಚ್ಚತೊಡಗಿದರು.

ತಂತಿ ಹರಿದು ಕಣ್ಣಿಗೆ ಹೊಡೆದೀತೆಂದು ಅವರು ಮೋಟಾರ್‌ಸೈಕಲ್ಲಿನ ದೊಡ್ಡ ಕನ್ನಡಕ ಏರಿಸಿದ್ದರು. ಎದೆಗೆ ಕೌದಿ ಸುತ್ತಿಕೊಂಡಿದ್ದರು. ನಾಲ್ಕೂ ತಂತಿ ಒಮ್ಮೆಗೇ ಬಿಚ್ಚಿದರೆ ಗಿಟಾರಿನ ಕತ್ತು ಬಾಗೀತೆಂದು ಒಂದೊಂದಾಗಿಯೇ ಬದಲಿಸಿದರು. ಎಲ್ಲಕ್ಕಿಂತ ದಪ್ಪನೆಯದು ಮಾತ್ರ ಕತ್ತಿನ ತುದಿಯ ಗೀರಿನಲ್ಲಿ ಕೂರಲೇ ಇಲ್ಲ. ಗೀರನ್ನು ಅರದಿಂದ ಉಜ್ಜಿ ಅಗಲ ಮಾಡಬೇಕು.

"ಒಂದ್ ಉಜ್ಜು ಹೆಚ್ಚಾದ್ರ ಗಿಟಾರ್ ಕೆಟ್ಟಂಗ ನೋಡವಾ," ಎಂದರು. ಎರಡು ಸಲ ಉಜ್ಜುವುದು, ಒಂದು ಗುಟುಕು ನೀರು ಕುಡಿಯುವುದು. ಹೀಗೆ ಒಂದು ತಂಬಿಗೆ ಮುಗಿಯಿತು! ಬಳಿಕ ಬಿರಡೆ ತಿರುಗಿಸಿದಾಗ ತಂತಿ ಕಿರ್ರೆಂದಿತು. ಹೆದರಿಕೆ ಅಂಟುಜಾಡ್ಯವಲ್ಲವೇ? ನಾನೂ ಕೌದಿಯ ಒಂದು ಚುಂಗಿನಲ್ಲಿ ಮುಖ ಮುಚ್ಚಿಕೊಂಡೆ.

ತಂತಿ ಹರಿಯಲಿಲ್ಲ, ಕತ್ತು ಮುರಿಯಲಿಲ್ಲ. ಆದರೂ ಕಾಕಾ ಬಾರಿಸಲೊಲ್ಲರು. ಬೆರಳು ತಂತಿಯ ಮೇಲಿಟ್ಟು ಮತ್ತೆ ತೆಗೆದರು. ಬಾರಿಸಿರೆಂದು ನಾನೇ ಹೇಳಿದೆ.

"ಕೇಳಸ್ಲಿಲ್ಲಂದ್ರ?" ಎಂದರು.

ಯಾರಿಗೆಂದು ಕೇಳಿದಾಗ ಅಡುಗೆಮನೆಯ ಕಡೆ ನೋಡಿದರು.

ಆಗ ತಿಳಿಯಿತು. ಕಾಕಿಯ ಕಿವಿ ಒಂದು ವರ್ಷದಿಂದ ಮಂದವಾಗುತ್ತಿತ್ತು. ಸಣ್ಣ ದನಿಗಳು ಮೊದಲು ಹೋಗುತ್ತವೆ, ದಪ್ಪನೆಯವು ಇನ್ನಷ್ಟು ದಿನ ಉಳಿಯುತ್ತವೆ ಎಂದು ಡಾಕ್ಟರು ಹೇಳಿದ್ದರಂತೆ. ಮದುವೆಯಾದಂದಿನಿಂದ ಕಾಕಾ ಬಾರಿಸುತ್ತಿದ್ದುದನ್ನು ಕೇಳುತ್ತಲೇ ಕಾಕಿ ರೊಟ್ಟಿ ಬಡಿದವರು. ಖಜೂರಿ ಊರಿಗೆ ಹೋಗುವ ಲಾರಿಗಳ ಸಪ್ಪಳ ಕೇಳಿಸುತ್ತದೆ, ನಿಮ್ಮ ಗಿಟಾರ್ ಕೇಳಿಸುವುದಿಲ್ಲ ಎಂದು ಮೊನ್ನೆ ಅವರೇ ಅಂದಿದ್ದರು.

ನಾನು ಹೋಗಿ ಕಾಕಿಯನ್ನು ಕರೆತಂದೆ. ಹಿಟ್ಟಿನ ಕೈಯಲ್ಲೇ ಬಂದು ಸ್ಪೀಕರ್ ಪೆಟ್ಟಿಗೆಯ ಪಕ್ಕ ಕುಳಿತರು. ಕಾಕಾ ಕಣ್ಣು ಮುಚ್ಚಿ ಆ ದಪ್ಪ ತಂತಿಯನ್ನು ಮೀಟಿದರು. ಗೂಡಿನಲ್ಲಿದ್ದ ತಾಟುಗಳು ಗುಂಯ್ ಎಂದವು. ಕಾಕಿ ಕೈಯ ಹಿಟ್ಟು ಉದುರಿಸುತ್ತಲೇ ಇದ್ದರು. ಕಾಕಾ ಕಣ್ಣು ತೆರೆದರು. ಅವರ ಮುಖದಲ್ಲಿ ಅಂಥ ಭಯವನ್ನು ನಾನು ಎಂದೂ ಕಂಡಿರಲಿಲ್ಲ. ಮತ್ತೊಮ್ಮೆ ಮೀಟಿದರು.

"ಸಾವಕಾಶ ಬಾರಸ್ರಿ," ಎಂದರು ಕಾಕಿ. "ಓಣ್ಯಾಗಿನ ಮಂದಿ ಏನಂದಾರು?"

ಜನ್ಮವೆಲ್ಲ ಮಂದಿಗೆ ಅಂಜಿದ ಕಾಕಾ ಅಂದು ಸಾವಕಾಶ ಬಾರಿಸಲಿಲ್ಲ.